ನಡುವೆ ಹದಿನಾರು ಪುಟ ನೀರು

2024ರ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಗೆಳೆಯರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಕಾಫಿ ಲೋಟ ಕೆಳಗಿಡುವ ಮೊದಲೇ ವಿಷಯಕ್ಕೆ ಬಂದರು. ‘ನೋಡ್ರೀ, ನೀವಾದರೂ ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಕೊನೆಯ ವರ್ಷದ ಪ್ರಾಜೆಕ್ಟ್ ಅಂತೆ. ಪ್ರವಾಸ ಪತ್ರಿಕೆ ಮಾಡ್ತಾಳಂತೆ. ಊರೂರು ಸುತ್ತೋದಕ್ಕೆ ಇದಕ್ಕಿಂತ ಒಳ್ಳೆ ನೆಪ ಯಾರಿಗಾದರೂ ಸಿಕ್ಕೀತೇ?’

ಮಗಳು ಬೆಂಗಳೂರಿನ ಕಾಲೇಜೊಂದರಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದಳು. ಅಪ್ಪನ ಮಾತು ಮುಗಿಯಲಿ ಎಂದು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದಳು. ಪತ್ರಿಕೆಯೊಂದರಲ್ಲಿ ಪುಟ ಕಟ್ಟುವ ಮೇಜಿನ ಮುಂದೆ ಬಹಳ ವರ್ಷ ಕಳೆದವನು ನಾನು ಎಂಬ ಕಾರಣಕ್ಕೆ ಈ ಪಂಚಾಯಿತಿ ನನ್ನ ಬಳಿಗೆ ಬಂದಿತ್ತು. ‘ಯಾವ ಊರಿನ ಬಗ್ಗೆ ಮಾಡ್ತೀಯಮ್ಮ?’ ಎಂದು ಕೇಳಿದೆ.

‘ಊರಲ್ಲ ಅಂಕಲ್, ಲಾಂಚು.’

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚ್ ಅದು. ಸಿಗಂದೂರಿಗೆ ಹೋದವರೆಲ್ಲ ಒಮ್ಮೆಯಾದರೂ ಅದನ್ನು ಹತ್ತಿಯೇ ಇರುತ್ತಾರೆ. ಬಸ್ಸು, ಜೀಪು, ಬೈಕು, ಹಾಲಿನ ಕ್ಯಾನು, ಮದುವೆ ದಿಬ್ಬಣ, ಎಲ್ಲವನ್ನೂ ಹೊತ್ತು ಎರಡು ಕಿಲೋಮೀಟರಿಗೂ ಹೆಚ್ಚು ನೀರು ದಾಟಿಸುತ್ತಿತ್ತು. ಪಕ್ಕದಲ್ಲೇ ಸೇತುವೆಯ ಕೆಲಸ ಮುಗಿಯುತ್ತ ಬಂದಿತ್ತು. ಸೇತುವೆ ತೆರೆದ ಮೇಲೆ ಆ ದಾರಿಯಲ್ಲಿ ಲಾಂಚಿಗಾಗಿ ಕಾಯುವುದು ಎಂಬುದೇ ಇರುವುದಿಲ್ಲ. ಅದಕ್ಕೆ ಮುಂಚೆ ಈ ಪ್ರಯಾಣವನ್ನು ಒಂದು ಪತ್ರಿಕೆಯಾಗಿ ಹಿಡಿದಿಡಬೇಕು ಎಂಬುದು ಹುಡುಗಿಯ ಆಸೆ. ವಿಷಯ ನನಗೆ ಹಿಡಿಸಿತು. ಗೆಳೆಯರ ಮುಖ ಮಾತ್ರ ಸಪ್ಪಗಾಯಿತು.

ಈಗ ಡಿಸೈನ್ ಕಾಲೇಜುಗಳಲ್ಲಿ, ಪತ್ರಿಕೋದ್ಯಮ ವಿಭಾಗಗಳಲ್ಲಿ ಇಂಥ ಪ್ರಾಜೆಕ್ಟುಗಳು ಮಾಮೂಲು. ವಿದ್ಯಾರ್ಥಿಯೇ ಸಂಪಾದಕ, ವರದಿಗಾರ, ಛಾಯಾಗ್ರಾಹಕ, ಪುಟ ವಿನ್ಯಾಸಕಾರ. ಕೊನೆಗೆ ಮಾರಾಟಗಾರನೂ ಅವನೇ. ಫೀಸು ಕಟ್ಟುವ ತಂದೆ ತಾಯಿಗೆ ಇದು ಓದೋ, ಆಟವೋ ಎಂಬ ಅನುಮಾನ ಬರುವುದು ಸಹಜ. ಆ ಅನುಮಾನ ಇರುವವರಿಗಾಗಿ, ಆ ಹುಡುಗಿಯ ಅನುಮತಿ ಪಡೆದು, ಅವಳ 48 ಪುಟಗಳು ಹೇಗೆ ಹುಟ್ಟಿದವು ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ.

ಹಂಗಿಲ್ಲದ ಪತ್ರಿಕೆ

ಪ್ರವಾಸ ಪತ್ರಿಕೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮಿರುಗುವ ಕಾಗದ, ನೀಲಿ ಈಜುಕೊಳ, ರೆಸಾರ್ಟಿನ ಮಂಚ. ಇದರಲ್ಲಿ ಆಶ್ಚರ್ಯವೇನಿಲ್ಲ. ಜಾಹೀರಾತು ಕೊಡುವವರು ಅವರೇ, ಬರಹಗಾರನನ್ನು ಉಚಿತವಾಗಿ ಉಳಿಸಿಕೊಳ್ಳುವವರೂ ಅವರೇ ಆದಾಗ ಬರಹ ಬೇರೆ ಹೇಗೆ ಇದ್ದೀತು? ಈ ಹಂಗನ್ನು ಬಿಟ್ಟು, ತಮ್ಮದೇ ದುಡ್ಡು, ತಮ್ಮದೇ ರುಚಿಯಿಂದ ಕೆಲವರು ಹೊರತರುವುದೇ ಸ್ವತಂತ್ರ ಪತ್ರಿಕೆ. ಇಂಗ್ಲೆಂಡಿನಲ್ಲಿ 2012ರಲ್ಲಿ ಶುರುವಾದ ‘ಸೀರಿಯಲ್’ ಪುಟದ ತುಂಬ ಖಾಲಿ ಜಾಗ ಬಿಟ್ಟೇ ಹೆಸರು ಮಾಡಿತು. ಲಂಡನ್ನಿನ ‘ಬೋಟ್’ ಪತ್ರಿಕೆಯವರು ಪ್ರತಿ ಸಂಚಿಕೆಗೂ ಒಂದು ನಗರ ಆರಿಸಿಕೊಂಡು, ಗಂಟು ಮೂಟೆ ಕಟ್ಟಿಕೊಂಡು ಹೋಗಿ ಅಲ್ಲೇ ಇದ್ದು ಸಂಚಿಕೆ ಸಿದ್ಧಪಡಿಸುತ್ತಿದ್ದರು.

ಇವಕ್ಕೆಲ್ಲ ಅಜ್ಜ ಎನ್ನಬಹುದಾದ ಕತೆ ಇನ್ನೂ ಹಳೆಯದು. ಟೋನಿ ಮತ್ತು ಮೌರೀನ್ ವೀಲರ್ ಎಂಬ ಯುವ ದಂಪತಿ ಲಂಡನ್ನಿನಿಂದ ಏಷ್ಯಾ ಹಾದು ಆಸ್ಟ್ರೇಲಿಯಾ ತಲುಪಿದರು. ಹೇಗೆ ಬಂದಿರಿ, ಎಷ್ಟು ಖರ್ಚಾಯಿತು ಎಂದು ಕೇಳುವವರಿಗೆ ಉತ್ತರಿಸಿ ಸಾಕಾಗಿ, 1973ರಲ್ಲಿ ಅಡುಗೆಮನೆಯ ಮೇಜಿನ ಮೇಲೆ ಒಂದು ಪುಟ್ಟ ಪುಸ್ತಕ ಬರೆದು ತಾವೇ ಪ್ರಕಟಿಸಿದರು. ಅದೇ ಮುಂದೆ ‘ಲೋನ್ಲಿ ಪ್ಲಾನೆಟ್’ ಎಂಬ ದೊಡ್ಡ ಪ್ರಕಾಶನವಾಯಿತು. ಹಾಡೊಂದರ ‘ಲವ್ಲಿ’ ಪದ ಟೋನಿಯ ಕಿವಿಗೆ ‘ಲೋನ್ಲಿ’ ಎಂದು ಬಿದ್ದಿತ್ತಂತೆ, ಹೆಸರು ಬಂದದ್ದು ಹಾಗೆ. ಕಿವಿ ತಪ್ಪಿದರೂ ವ್ಯಾಪಾರ ತಪ್ಪಲಿಲ್ಲ!

ನಮ್ಮಲ್ಲೂ ಇಂಥ ಮನೋಧರ್ಮಕ್ಕೆ ಕೊರತೆಯಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿಗೆ ಚಿತ್ರಗಳನ್ನು ತಾವೇ ಬರೆದರು. ಹೊನ್ನಾವರದ ಕೃಷ್ಣಾನಂದ ಕಾಮತರಿಗೆ ಲೇಖನಿ, ಕುಂಚ, ಕ್ಯಾಮೆರಾ ಮೂರೂ ಒಲಿದಿದ್ದವು. ಇಬ್ಬರೂ ಸಸ್ಯವಿಜ್ಞಾನಿಗಳು ಎಂಬುದು ಕುತೂಹಲದ ಸಂಗತಿ. ನಿಂತು ನೋಡುವ ಅಭ್ಯಾಸ ಅವರಿಗೆ ಅಲ್ಲಿಂದ ಬಂದಿರಬೇಕು.

ಹುಡುಗಿಗೆ ನಾನು ಮೊದಲು ಹೇಳಿದ್ದು ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ ಎಂದು. ಮೊದಲ ಸಲ ಹೋದಾಗ ಬರೀ ನೋಡು, ಬರೆದುಕೋ. ಲಾಂಚ್ ಎಷ್ಟು ಹೊತ್ತಿಗೆ ಬರುತ್ತದೆ, ಯಾರು ಹತ್ತುತ್ತಾರೆ, ಕೈಯಲ್ಲಿ ಏನಿರುತ್ತದೆ, ಕಾಯುವವರು ಎಲ್ಲಿ ಕೂರುತ್ತಾರೆ. ಅವಳು 2025ರ ಜನವರಿಯಲ್ಲಿ ಸಾಗರಕ್ಕೆ ಹೋದಾಗ, ಮುಳುಗಡೆಯ ನೋವನ್ನು ಕನ್ನಡ ಕಾದಂಬರಿಗೆ ತಂದ ನಾ. ಡಿ’ಸೋಜಾ ಅವರು ತೀರಿಕೊಂಡು ಕೆಲವೇ ದಿನಗಳಾಗಿದ್ದವು. ಊರಿನಲ್ಲಿ ಎಲ್ಲಿ ಕುಳಿತರೂ ಅವರದೇ ಮಾತು. ಹೊರಡುವ ಮುಂಚೆ ‘ಮುಳುಗಡೆ’ ಓದಿಕೊಂಡು ಹೋಗಿದ್ದಳು. ಆದರೆ ಓದಿದ್ದು ಒಂದು, ಕ್ಯಾಮೆರಾ ಕಣ್ಣು ಹುಡುಕಿದ್ದು ಇನ್ನೊಂದು ಎಂಬುದು ಅವಳಿಗೂ ನನಗೂ ಗೊತ್ತಾದದ್ದು ಬಹಳ ತಡವಾಗಿ.

ಕಾಗದ ಮಡಿಸಿ ನೋಡಿ

ಬರುವಾಗ ಹುಡುಗಿ ಎರಡು ಸಾವಿರದಷ್ಟು ಫೋಟೋ, ಒಂದು ನೋಟ್‌ಬುಕ್ ತುಂಬ ಬರಹ ತಂದಿದ್ದಳು. (ಕ್ಯಾಮೆರಾ ಬ್ಯಾಗಿನಲ್ಲಿ ಉಳಿಯಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.) ಈಗಿನ ಮಕ್ಕಳು ಸಾಮಾನ್ಯವಾಗಿ ಮಾಡುವಂತೆ ಕಂಪ್ಯೂಟರ್ ತೆರೆದು ಮೊದಲ ಪುಟ ಅಲಂಕರಿಸಲು ಕುಳಿತಳು. ನಾನು ಅವಳನ್ನು ಎಬ್ಬಿಸಿ ಒಂದು ಹಾಳೆ ಕೊಟ್ಟೆ.

ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಒಂದು ಹಾಳೆಯನ್ನು ಒಮ್ಮೆ ಮಡಿಸಿದರೆ ನಾಲ್ಕು ಪುಟ. ಅಡ್ಡಲಾಗಿ ಮತ್ತೊಮ್ಮೆ ಮಡಿಸಿದರೆ ಎಂಟು, ಮೂರನೆಯ ಸಲ ಹದಿನಾರು. ಮಡಿಕೆ ಬಿಚ್ಚದೆ ಮೂಲೆಗಳಲ್ಲಿ 1ರಿಂದ 16ರವರೆಗೆ ಪುಟಸಂಖ್ಯೆ ಬರೆದು ಆಮೇಲೆ ಬಿಚ್ಚಿ. 1ರ ಪಕ್ಕದಲ್ಲಿ 2 ಇರುವುದಿಲ್ಲ, 16 ಇರುತ್ತದೆ. ಕೆಲವು ಪುಟಗಳು ತಲೆಕೆಳಗಾಗಿರುತ್ತವೆ. ಮುದ್ರಣ ಯಂತ್ರಕ್ಕೆ ಪತ್ರಿಕೆ ಕಾಣುವುದು ಹೀಗೆ. ಈ ಹದಿನಾರು ಪುಟದ ಹಾಳೆಗೆ ಪ್ರೆಸ್ಸಿನವರು ಫಾರಂ ಎನ್ನುತ್ತಾರೆ.

20 ಇಂಚು ಅಗಲ, 30 ಇಂಚು ಉದ್ದದ ಡಬಲ್ ಕ್ರೌನ್ ಹಾಳೆಯನ್ನು ಹೀಗೆ ಮಡಿಸಿದರೆ ಒಂದೊಂದು ಎಲೆ ಏಳೂವರೆ ಇಂಚು, ಹತ್ತು ಇಂಚು. ಅಂಚು ಕತ್ತರಿಸಿದ ಮೇಲೆ ಸುಮಾರು ಏಳೂಕಾಲು, ಒಂಬತ್ತೂವರೆ. ಇದನ್ನೇ ಕ್ರೌನ್ ಕಾಲು ಅಳತೆ ಎನ್ನುವುದು. ಹುಡುಗಿಗೆ ಮೊದಲು ಚೌಕದ ಪತ್ರಿಕೆ ಬೇಕಾಗಿತ್ತು, ನೋಡಲು ಬೇರೆ ಥರ ಇರುತ್ತದೆ ಎಂದು. ಚೌಕ ಮಾಡಿದರೆ ಹಾಳೆಯಲ್ಲಿ ಒಂದು ಭಾಗ ಕಸದ ಬುಟ್ಟಿಗೆ ಹೋಗುತ್ತದೆ, ಆ ಕಸಕ್ಕೂ ದುಡ್ಡು ಅಪ್ಪನೇ ಕೊಡಬೇಕು ಎಂದಾಗ ಸುಮ್ಮನಾದಳು. ಅಪ್ಪನಿಗೆ ನನ್ನ ಮೇಲೆ ವಿಶ್ವಾಸ ಮೂಡಿದ್ದು ಆ ಹೊತ್ತಿನಲ್ಲಿ.

48 ಪುಟಕ್ಕೆ ಮೂರು ಫಾರಂ. ಪೂರ್ತಿ ಬಣ್ಣದಲ್ಲಿ ಅಚ್ಚು ಹಾಕಿದರೆ ಪ್ರತಿ ಫಾರಂನ ಪ್ರತಿ ಮಗ್ಗುಲಿಗೆ ನಾಲ್ಕು ಪ್ಲೇಟು: ನೀಲಿ, ಕೆಂಪು, ಹಳದಿ, ಕಪ್ಪು. ಮೂರು ಫಾರಂ, ಎರಡು ಮಗ್ಗುಲು, ನಾಲ್ಕು ಬಣ್ಣ, ಒಟ್ಟು 24 ಪ್ಲೇಟು, ರಕ್ಷಾಪುಟ ಬೇರೆ. ಹತ್ತು ಪ್ರತಿ ತೆಗೆದರೂ ಸಾವಿರ ಪ್ರತಿ ತೆಗೆದರೂ ಪ್ಲೇಟಿನ ಖರ್ಚು ಅಷ್ಟೇ. ಆದ್ದರಿಂದಲೇ ಇಪ್ಪತ್ತು, ಮೂವತ್ತು ಪ್ರತಿ ಸಾಕು ಎನ್ನುವವರಿಗೆ ಡಿಜಿಟಲ್ ಮುದ್ರಣ, ನೂರಾರು ಪ್ರತಿ ಬೇಕಾದವರಿಗೆ ಆಫ್‌ಸೆಟ್. ಹುಡುಗಿಗೆ 300 ಪ್ರತಿ ಬೇಕಾಗಿತ್ತು. ಆ ಊರಿನವರ ಕೈಗೆ ಪತ್ರಿಕೆ ಸೇರದಿದ್ದರೆ ಮಾಡಿ ಏನು ಪ್ರಯೋಜನ ಎಂಬ ಅವಳ ವಾದ ಸರಿಯಾಗಿಯೇ ಇತ್ತು.

ಹಣ ಉಳಿಸಲು ಹೊರಟ ಲೆಕ್ಕಾಚಾರವೇ ಪತ್ರಿಕೆಗೆ ರೂಪ ಕೊಟ್ಟಿತು. ಮಧ್ಯಕ್ಕೆ ಪಿನ್ ಹೊಡೆಯುವ ಪತ್ರಿಕೆಯಲ್ಲಿ ಫಾರಂಗಳು ಒಂದರೊಳಗೊಂದು ಕೂರುತ್ತವೆ, ಬಾಳೆಯ ಪದರದ ಹಾಗೆ. ಹೊರಗಿನ ಫಾರಂನಲ್ಲಿ 1ರಿಂದ 8 ಮತ್ತು 41ರಿಂದ 48. ಅದರ ಒಳಗಿನದರಲ್ಲಿ 9ರಿಂದ 16 ಮತ್ತು 33ರಿಂದ 40. ಎಲ್ಲಕ್ಕಿಂತ ಒಳಗಿನದರಲ್ಲಿ 17ರಿಂದ 32, ಒಟ್ಟಿಗೇ ಹದಿನಾರು ಪುಟ. ‘ಅಂದರೆ ನಡುವಿನದು ಮಾತ್ರ ಬಣ್ಣದಲ್ಲಿ ಮಾಡಿ, ಉಳಿದ ಎರಡನ್ನೂ ಕಪ್ಪುಬಿಳುಪಿನಲ್ಲಿ ಮಾಡಿದರೆ?’ ಎಂದು ಕೇಳಿದಳು. ಬಣ್ಣದ ಫಾರಂಗೆ ಎಂಟು, ಉಳಿದ ಎರಡಕ್ಕೆ ನಾಲ್ಕು, ಒಟ್ಟು 12 ಪ್ಲೇಟು. ಸರಿಯಾಗಿ ಅರ್ಧ.

ಸ್ವಲ್ಪ ಹೊತ್ತು ಮಡಿಸಿದ ಹಾಳೆಯನ್ನೇ ತಿರುಗಿಸುತ್ತ ಕುಳಿತವಳು, ‘ಈ ದಡ ಹದಿನಾರು ಪುಟ ಅಂಕಲ್, ನಡುವೆ ಹದಿನಾರು ಪುಟ ನೀರು, ಆಮೇಲೆ ಆ ದಡ ಹದಿನಾರು ಪುಟ’ ಎಂದಳು. ಇಷ್ಟು ವರ್ಷ ಪುಟ ಕಟ್ಟಿದ ನನಗೂ ಇದು ಹೊಳೆದಿರಲಿಲ್ಲ. ದಡದಲ್ಲಿ ಕಾಯುವುದೆಲ್ಲ ಕಪ್ಪುಬಿಳುಪು. ಲಾಂಚ್ ಬಿಟ್ಟೊಡನೆ ಬಣ್ಣ. ಇಳಿದೊಡನೆ ಮತ್ತೆ ಕಪ್ಪುಬಿಳುಪು. 24 ಮತ್ತು 25ನೇ ಪುಟಗಳು ಪಿನ್ ಬೀಳುವ ನಟ್ಟನಡುವಿನ ಜೋಡಿ ಪುಟಗಳು, ಒಂದೇ ಹಾಳೆ. ಚಿತ್ರ ಅಲ್ಲಿ ಮಾತ್ರ ತುಂಡಾಗದೆ ಎರಡೂ ಪುಟಕ್ಕೆ ಹರಡಿಕೊಳ್ಳಬಹುದು. ನೀರಿನ ನಡುಮಧ್ಯ ಅದೇ.

ಪುಟ ತುಂಬಿಸುವ ಪೇಚಾಟದಿಂದ ಒಳ್ಳೆಯದಾದದ್ದು ಇದೇ ಮೊದಲೇನಲ್ಲ. 1905ರ ಜನವರಿ ಸಂಚಿಕೆಗೆ ಹನ್ನೊಂದು ಪುಟ ಖಾಲಿ ಉಳಿದಾಗ ‘ನ್ಯಾಷನಲ್ ಜಿಯಾಗ್ರಫಿಕ್’ ಸಂಪಾದಕ ಗಿಲ್ಬರ್ಟ್ ಗ್ರೋವ್ನರ್, ಟಿಬೆಟ್ಟಿನ ಲ್ಹಾಸಾದ ಫೋಟೋಗಳನ್ನು ಹಾಕಿ ತುಂಬಿಸಿದ. ಗಂಭೀರ ಭೂಗೋಳ ಪತ್ರಿಕೆಯಲ್ಲಿ ಇಷ್ಟೊಂದು ಚಿತ್ರವೇ ಎಂದು ಕೆಲಸ ಹೋದೀತೆಂಬ ಭಯ ಅವನಿಗಿತ್ತು. ಓದುಗರು ರಸ್ತೆಯಲ್ಲಿ ನಿಲ್ಲಿಸಿ ಮೆಚ್ಚಿಕೊಂಡರು.

ಕನ್ನಡಕ್ಕೆ ಉಸಿರಾಡಲು ಜಾಗ

ಪತ್ರಿಕೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬಂತು. ತರಗತಿಯಲ್ಲಿ ಎಲ್ಲರದೂ ಇಂಗ್ಲಿಷ್. ಲಾಂಚಿನಲ್ಲಿ ಮಾತನಾಡಿದವರು ಕನ್ನಡದಲ್ಲಿ ಮಾತನಾಡಿದ್ದಾರೆ, ಅವರಿಗೆ ಓದಲಾಗದ ಭಾಷೆಯಲ್ಲಿ ಅವರ ಮಾತನ್ನು ಅಚ್ಚು ಹಾಕುವುದು ಹೇಗೆ ಎಂದು ಹುಡುಗಿ ಕನ್ನಡವನ್ನೇ ಆರಿಸಿದಳು. ಕಷ್ಟ ಆಗ ಶುರುವಾಯಿತು.

ಪುಸ್ತಕದಲ್ಲಿ ಕಲಿತ ವಿನ್ಯಾಸದ ಸೂತ್ರಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ಹತ್ತು ಪಾಯಿಂಟ್ ಅಕ್ಷರಕ್ಕೆ ಹನ್ನೆರಡು ಪಾಯಿಂಟ್ ಸಾಲು ಸಾಕು ಎಂದು ಕಂಪ್ಯೂಟರ್ ತಾನೇ ತೀರ್ಮಾನಿಸಿಬಿಡುತ್ತದೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ ಎಂಬ ಪದದಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದು ಪುಟವಿಡೀ ಇರುವೆ ಹತ್ತಿದ ಹಾಗೆ ಕಾಣುತ್ತಿತ್ತು. ಒಂದೊಂದೇ ಪಾಯಿಂಟ್ ಹೆಚ್ಚಿಸುತ್ತ ಹೋಗಿ ಕೊನೆಗೆ 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಸಾಲಿನಲ್ಲಿ ನಿಂತಳು. ಪುಟಕ್ಕೆ ಹಿಡಿಯುವ ಸಾಲು ಕಡಿಮೆಯಾಯಿತು. ಬರಹ ಕಡಿತಗೊಳಿಸಬೇಕಾಯಿತು. ಬರಹಕ್ಕೂ ಅದರಿಂದ ಒಳ್ಳೆಯದೇ ಆಯಿತು.

ಎರಡನೆಯ ಪೇಚು ಅಂಕಣದ್ದು. ಕನ್ನಡದ ಪದಗಳು ಪ್ರತ್ಯಯ ಸೇರಿಸಿಕೊಂಡು ರೈಲಿನಂತೆ ಉದ್ದವಾಗುತ್ತವೆ. ‘ಹೊರಡಬೇಕಾಗಿತ್ತೆನ್ನುವುದನ್ನು’ ಎಂಬಂಥ ಒಂದು ಪದ ಇಕ್ಕಟ್ಟಾದ ಅಂಕಣದಲ್ಲಿ ಅರ್ಧ ಸಾಲು ತಿನ್ನುತ್ತದೆ. ಎರಡೂ ಅಂಚು ಸಮ ಮಾಡಲು ಹೋದರೆ ಉಳಿದ ಎರಡು ಪದಗಳ ನಡುವೆ ಎತ್ತಿನ ಗಾಡಿ ಹಾಯುವಷ್ಟು ಜಾಗ. ದಿನಪತ್ರಿಕೆಗಳಲ್ಲಿ ನಾವೆಲ್ಲ ಇದನ್ನು ಸಹಿಸಿಕೊಂಡು ಬಂದವರು. ಹುಡುಗಿ ಮೂರಂಕಣ ಬಿಟ್ಟು ಎರಡಂಕಣಕ್ಕೆ ಬಂದಳು, ಬಲ ಅಂಚನ್ನು ಏರುಪೇರಾಗಿಯೇ ಬಿಟ್ಟಳು. ನನಗೆ ಮೊದಲು ಕಣ್ಣಿಗೆ ಒಗ್ಗಲಿಲ್ಲ. ಓದಲು ಕುಳಿತಾಗ ಹಿತವೆನಿಸಿತು. ಒತ್ತಿ ಹೇಳಲು ಇಂಗ್ಲಿಷಿನವರಂತೆ ಅಕ್ಷರ ಓರೆ ಮಾಡುವ ಚಟವನ್ನಂತೂ ನಾನು ಬಿಡಿಸಿದೆ. ಕನ್ನಡ ಅಕ್ಷರ ದುಂಡಗಿನದು, ಅದನ್ನು ವಾಲಿಸಿದರೆ ಕುಡಿದು ನಿಂತ ಹಾಗಿರುತ್ತದೆ.

ಅಕ್ಷರಗಳಿಗೆ ಈಗ ಬರವಿಲ್ಲ. ತಿರೋ ಕನ್ನಡ, ಅನೇಕ್ ಕನ್ನಡ, ನೋಟೊ, ಬಾಲೂ ತಮ್ಮ ಮುಂತಾದವು ಯೂನಿಕೋಡ್ ಶಿಷ್ಟತೆಯಲ್ಲಿ ಉಚಿತವಾಗಿಯೇ ಸಿಗುತ್ತವೆ. ಮೊದಲಿನದು ಪುಸ್ತಕದ ಓದಿಗೆ ಹೇಳಿಸಿದಂತಿದೆ, ಕೊನೆಯದು ಶೀರ್ಷಿಕೆಗೆ ಮಾತ್ರ ಚೆಂದ. ತೊಂದರೆ ಬರುವುದು ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಬರಹ ಸೇರಿಕೊಂಡಾಗ. ಸಾಗರದ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದ ಸಂದರ್ಶನವನ್ನು ಯೂನಿಕೋಡಿಗೆ ಬದಲಾಯಿಸಿದಾಗ ಅರ್ಕಾವೊತ್ತುಗಳೆಲ್ಲ ದಿಕ್ಕಾಪಾಲಾದವು. ಇನ್‌ಡಿಸೈನ್ ಬಳಸುವವರು ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಮರೆಯದೆ ಒತ್ತಬೇಕು, ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೆ ಸ್ಕ್ರೈಬಸ್ ಇದೆ. ಉಚಿತ, ಈಚಿನ ಆವೃತ್ತಿಗಳಲ್ಲಿ ಕನ್ನಡವೂ ಸರಿಯಾಗಿ ಕೂರುತ್ತದೆ.

ನಕ್ಷೆಯನ್ನು ಅವಳೇ ಬರೆದಳು. ಅದರಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಕೊಡದೆ ನಿಮಿಷಗಳಲ್ಲಿ ಕೊಟ್ಟಿದ್ದಳು, ಕಾಯುವ ನಿಮಿಷಗಳನ್ನೂ ಸೇರಿಸಿ. ಮೊಬೈಲಿನಲ್ಲಿ ಕಂಡ ನಕ್ಷೆಯನ್ನು ಹಾಗೇ ಫೋಟೋ ಹೊಡೆದು ಪುಟಕ್ಕೆ ಅಂಟಿಸುವ ವಿದ್ಯಾರ್ಥಿಗಳು ಒಂದು ಮಾತು ತಿಳಿದಿರಬೇಕು. ಅವಕ್ಕೂ ಹಕ್ಕುದಾರರಿದ್ದಾರೆ. ಓಪನ್ ಸ್ಟ್ರೀಟ್ ಮ್ಯಾಪ್ ಬಳಸಿ ಹೆಸರು ಹಾಕುವುದು ನೇರವಾದ ದಾರಿ.

ಅಜ್ಜ ಹೇಳಿದ ತಿದ್ದುಪಡಿ

ಏಪ್ರಿಲ್ ಕೊನೆಗೆ 48 ಪುಟವೂ ಸಿದ್ಧ. ಕಾಲೇಜಿನ ಮಾರ್ಗದರ್ಶಕರು ಒಪ್ಪಿ ಸಹಿ ಹಾಕಿದ್ದರು. ನಟ್ಟನಡುವಿನ ಜೋಡಿ ಪುಟದಲ್ಲಿ ಲಾಂಚಿನ ಕಂಬಿ ಹಿಡಿದು ನಿಂತ ಅಜ್ಜ, ಹಿಂದೆ ಕೇಸರಿ ಬಣ್ಣದ ನೀರು. ಕೆಳಗೆ ‘ನಿಸರ್ಗದ ಮಡಿಲಲ್ಲಿ ಮೈಮರೆತ ಹಿರಿಯ ಜೀವ’ ಎಂಬ ಒಕ್ಕಣೆ. ಚಿತ್ರ ನಿಜಕ್ಕೂ ಸೊಗಸಾಗಿತ್ತು. ಫೋಟೋ ಹಾಕುವ ಮೊದಲು ಅವರವರಿಗೆ ಒಮ್ಮೆ ತೋರಿಸಿ ಒಪ್ಪಿಗೆ ಪಡೆ ಎಂದು ನಾನು ಹೇಳಿದ್ದರಿಂದ ಪ್ರೂಫ್ ಹಿಡಿದು ಮತ್ತೆ ಬಸ್ಸು ಹತ್ತಿದಳು.

ಅಜ್ಜ ಕನ್ನಡಕ ಹಾಕಿಕೊಂಡು ಒಕ್ಕಣೆಯನ್ನು ಎರಡು ಸಲ ಓದಿದರಂತೆ. ‘ನಾನು ನೀರು ನೋಡ್ತಾ ಇಲ್ಲ ತಂಗೀ. ನಮ್ಮನೆ ಇದ್ದ ಜಾಗ ನೋಡ್ತಾ ಇದ್ದೆ’ ಎಂದರಂತೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವ ಆ ಜಲಾಶಯದಡಿ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು, ತೋಟ ಗದ್ದೆಗಳು ಮುಳುಗಿದವು. ನಾಡಿಗೆಲ್ಲ ದೀಪ ಹತ್ತಿತು. ನೀರು ತಗ್ಗಿದ ಬೇಸಿಗೆಗಳಲ್ಲಿ, ಅದಕ್ಕೂ ಹಿಂದೆ ಕಟ್ಟಿ ಆಮೇಲೆ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಸತ್ತ ಮರಗಳ ಬೊಡ್ಡೆಗಳೂ ಕಾಣುತ್ತವೆ. ಹುಡುಗಿಯ ಮೂಲ ಚಿತ್ರದಲ್ಲಿ ಎಡಕ್ಕೆ ಅಂಥ ಬೊಡ್ಡೆಗಳಿದ್ದವು. ಕಣ್ಣಿಗೆ ಅಡ್ಡ ಎಂದು ಅವಳೇ ಕತ್ತರಿಸಿ ತೆಗೆದಿದ್ದಳು.

ಅಲ್ಲಿದ್ದ ಹೆಂಗಸೊಬ್ಬರು ಇನ್ನೂ ಖಾರವಾಗಿ ಹೇಳಿದರು. ‘ಲಾಂಚು ಹೋಗ್ತದೆ ಅಂತ ನಿಮಗೆ ಬೇಜಾರು. ರಾತ್ರಿ ಹೆರಿಗೆ ನೋವು ಬಂದು ಈ ದಡದಲ್ಲಿ ಕೂತಿದ್ರೆ ಗೊತ್ತಾಗ್ತಿತ್ತು.’ ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಆಸ್ಪತ್ರೆಗೆ ಹೊಸನಗರದ ಕಡೆಯಿಂದ ಬಳಸುವ ದೂರದ ದಾರಿಯೇ ಗತಿ. ನೀರು ತೀರ ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದುಂಟು. ಸೇತುವೆಗಾಗಿ ಅಲ್ಲಿನ ಜನ ಹೋರಾಡಿ, ಅರ್ಜಿ ಹಾಕಿ, ಪಾದಯಾತ್ರೆ ಮಾಡಿ ತಲೆಮಾರುಗಳೇ ಕಳೆದಿದ್ದವು. ಹುಡುಗಿಯ 48 ಪುಟಗಳಲ್ಲಿ ಸೇತುವೆಯ ಒಂದು ಕಂಬವೂ ಇರಲಿಲ್ಲ. ಚಿತ್ರ ಕೆಡುತ್ತದೆ ಎಂದು ಪ್ರತಿ ಸಲ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿದ್ದಳು!

ರಾತ್ರಿ ಹತ್ತೂವರೆಗೆ ಸಾಗರದಿಂದ ನನಗೆ ಫೋನ್ ಮಾಡಿದಳು. ಅರ್ಧ ಪತ್ರಿಕೆ ಮತ್ತೆ ಕಟ್ಟಬೇಕು ಎಂದಳು. ನಾನು, ಒಕ್ಕಣೆ ಬದಲಾಯಿಸು ಸಾಕು, ಒಪ್ಪಿಗೆಯಾದ ಪುಟಗಳನ್ನು ಈಗ ಮುಟ್ಟಬೇಡ ಎಂದೆ. ಪತ್ರಿಕಾಲಯದಲ್ಲಿ ಗಡಿಯಾರ ನೋಡಿ ಬದುಕಿದವನ ಬುದ್ಧಿ ಅದು. ಸಲ್ಲಿಸುವ ದಿನಕ್ಕೆ ಮೂರು ವಾರವಷ್ಟೇ ಉಳಿದಿತ್ತು. ತಡವಾದರೆ ಅಂಕ ಕಡಿತ ಎಂದು ಕಾಲೇಜಿನಲ್ಲಿ ಮೊದಲೇ ಹೇಳಿದ್ದರು. ಅವಳು ನನ್ನ ಮಾತು ಕೇಳಲಿಲ್ಲ.

ಇಪ್ಪತ್ತೆರಡು ಪುಟಗಳು ಬದಲಾದವು. ಬೊಡ್ಡೆಗಳು ಚಿತ್ರಕ್ಕೆ ಮರಳಿದವು, ಅಜ್ಜ ಸ್ವಲ್ಪ ಬಲಕ್ಕೆ ಸರಿದರು. ಒಕ್ಕಣೆಯಲ್ಲಿ ಅವರ ಊರಿನ ಹೆಸರು ಮತ್ತು ಅವರು ಆಡಿದ ಆ ಎರಡು ವಾಕ್ಯ, ಮತ್ತೇನಿಲ್ಲ. ಆ ದಡದ ಹದಿನಾರು ಪುಟಗಳಲ್ಲಿ ರಾತ್ರಿಯ ಕತೆಗಳು ಬಂದವು. ಎಲ್ಲಿ ಉಳಿಯಬೇಕು, ಏನು ತಿನ್ನಬೇಕು, ಸೂರ್ಯಾಸ್ತ ಎಲ್ಲಿಂದ ಚೆಂದ ಎಂಬ ನಾಲ್ಕು ಪುಟದ ಮಾಹಿತಿ ಒಂದು ಪುಟಕ್ಕೆ ಇಳಿಯಿತು. ಜನರಿಗೆ ಗೊತ್ತಿಲ್ಲದ ಒಂದು ಪುಟ್ಟ ನಡುಗಡ್ಡೆಯ ದಾರಿಯನ್ನು ಬೇಕೆಂದೇ ಬಿಟ್ಟಳು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ರಜೆಯಲ್ಲಿ ಜನ ಮುಗಿಬಿದ್ದು, ಅರಣ್ಯ ಇಲಾಖೆ ಚಾರಣಕ್ಕೆ ನಿರ್ಬಂಧ ಹಾಕಬೇಕಾಗಿ ಬಂದದ್ದು ಅವಳಿಗೆ ನೆನಪಿತ್ತು.

ಮುದ್ರಣದ ಸಣ್ಣಪುಟ್ಟ ಗೋಳುಗಳನ್ನು ಹೆಚ್ಚು ಬೆಳೆಸುವುದಿಲ್ಲ. ಪರದೆಯ ಮೇಲೆ ಹೊಳೆಯುತ್ತಿದ್ದ ಹಸಿರು ಮ್ಯಾಪ್‌ಲಿಥೊ ಕಾಗದದ ಮೇಲೆ ಮಂಕಾಯಿತು; ಆ ಕಾಗದ ಶಾಯಿ ಕುಡಿಯುತ್ತದೆ, ಅದಕ್ಕೆ ತಕ್ಕಂತೆ ಚಿತ್ರವನ್ನು ಮೊದಲೇ ತಿಳಿಮಾಡಿಕೊಳ್ಳಬೇಕು. ಅಂಚಿನವರೆಗೆ ಬರುವ ಚಿತ್ರಗಳನ್ನು ಮೂರು ಮಿಲಿಮೀಟರ್ ಹೊರಕ್ಕೆ ಚಾಚದೆ ಬಿಟ್ಟಿದ್ದರಿಂದ ಎರಡು ಪುಟದಲ್ಲಿ ಬಿಳಿ ಗೆರೆ ಉಳಿಯಿತು. ಒಂದರೊಳಗೊಂದು ಸೇರಿಸಿದ ಪತ್ರಿಕೆಯಲ್ಲಿ ಒಳಗಿನ ಹಾಳೆಗಳು ಒಂದಿಷ್ಟು ಮುಂದೆ ಚಾಚಿಕೊಂಡು ಕತ್ತರಿಗೆ ಸಿಗುತ್ತವೆ, ನಡುವಿನ ಪುಟಗಳ ಪುಟಸಂಖ್ಯೆ ಅಂಚಿಗೆ ತೀರ ಹತ್ತಿರ ಬಂತು. ಪ್ರೆಸ್ಸಿನ ಹಿರಿಯ ಕೆಲಸಗಾರರು ಇದನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಟ್ಟರು. ನಾಲ್ಕು ವರ್ಷದ ಕಾಲೇಜಿನಲ್ಲಿ ಕಲಿಯದ್ದನ್ನು ನಾಲ್ಕು ರಾತ್ರಿಯಲ್ಲಿ ಕಲಿತೆ ಎಂದು ಅವಳೇ ಹೇಳುತ್ತಾಳೆ.

ಪತ್ರಿಕೆ ಐದು ದಿನ ತಡವಾಗಿ ಸಲ್ಲಿಕೆಯಾಯಿತು. ದರ್ಜೆ ಒಂದು ಮೆಟ್ಟಿಲು ಇಳಿಯಿತು. ಪರೀಕ್ಷಕರೊಬ್ಬರು ಇದನ್ನು ಕೊಳ್ಳುವ ಪ್ರವಾಸಿ ಯಾರು ಎಂದು ಕೇಳಿದರಂತೆ. ಪ್ರಶ್ನೆ ಅನ್ಯಾಯದ್ದೇನಲ್ಲ. 300 ಪ್ರತಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾರಾಟವಾದವು, ಹಾಕಿದ ದುಡ್ಡು ಪೂರ್ತಿ ಹಿಂದೆ ಬರಲಿಲ್ಲ. ಇದರಿಂದ ನೌಕರಿ ಸಿಕ್ಕಿತೇ ಎಂದು ಕೇಳುವ ತಂದೆ ತಾಯಿಗೆ ನಾನು ಹೇಳಬಹುದಾದದ್ದು ಇಷ್ಟು. ಸಂದರ್ಶನಕ್ಕೆ ಹೋದಲ್ಲೆಲ್ಲ ಅವಳು ಕಂಪ್ಯೂಟರ್ ತೆರೆಯದೆ ಈ ಪತ್ರಿಕೆಯನ್ನೇ ಮೇಜಿನ ಮೇಲಿಟ್ಟಳು. ಪ್ರಕಾಶನ ಸಂಸ್ಥೆಯೊಂದರಲ್ಲಿ ಈಗ ಪುಸ್ತಕ ವಿನ್ಯಾಸ ಮಾಡುತ್ತಿದ್ದಾಳೆ, ಸಂಬಳ ಸಾಧಾರಣ. ಮಕ್ಕಳು ಇಂಥ ಪ್ರಾಜೆಕ್ಟ್ ಹಿಡಿದರೆ ಹೊಸ ಕ್ಯಾಮೆರಾ ಕೊಡಿಸುವುದಕ್ಕಿಂತ ಪ್ರೆಸ್ಸಿನ ಖರ್ಚಿನ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿ ನೋಡುವುದು ಮೇಲು.

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಕೆಲವು ದಿನಗಳ ಮೇಲೆ ಹುಡುಗಿ ನಲವತ್ತು ಪ್ರತಿಗಳ ಕಟ್ಟು ಹೊತ್ತು ಅಲ್ಲಿಗೆ ಹೋದಳು. ಈ ಸಲ ಜೊತೆಗೆ ಅಪ್ಪನೂ ಇದ್ದರು. ನೀರು ದಾಟಲು ಕೆಲವೇ ನಿಮಿಷ ಹಿಡಿಯಿತು. ಅಜ್ಜ ನಡುಪುಟ ತೆರೆದು ಬೊಡ್ಡೆಯೊಂದರ ಮೇಲೆ ಬೆರಳಿಟ್ಟು, ಅದು ತಮ್ಮ ಅಂಗಳದ ಹಲಸಿನ ಮರ ಇದ್ದರೂ ಇರಬಹುದು ಎಂದರು. ಸೊಸೆ, ಹೊಸನಗರದ ನಾದಿನಿಗೆ ಕೊಡಲು ಇನ್ನೊಂದು ಪ್ರತಿ ಕೇಳಿ ಇಸಿದುಕೊಂಡರು.

ಹುಡುಗಿಗೆ ಈಗ ಎರಡನೆಯ ಸಂಚಿಕೆಯ ಯೋಚನೆ ಹತ್ತಿದೆ. ಒಮ್ಮೆ ತಂದು ಬಿಡುವ ಕಾಲೇಜು ಪ್ರಾಜೆಕ್ಟಿನ ಮಾತು ಬೇರೆ. ಸುದ್ದಿ, ವಿಚಾರಗಳಿರುವ ಪತ್ರಿಕೆಯನ್ನು ನಿಯತವಾಗಿ ಪ್ರಕಟಿಸುವುದಾದರೆ ನೋಂದಣಿಯ ಕಾನೂನು ನೋಡಿಕೊಳ್ಳಬೇಕು ಎಂದು ಹೇಳಿದ್ದೇನೆ. 1867ರ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ, ಅರ್ಜಿಯನ್ನು ಕಂಪ್ಯೂಟರಿನಲ್ಲೇ ಸಲ್ಲಿಸಬಹುದು. ಮುಂದಿನ ವಿಷಯ ಸಕಲೇಶಪುರ, ಸುಬ್ರಹ್ಮಣ್ಯಗಳ ನಡುವಿನ ರೈಲು ಮಾರ್ಗವಂತೆ. ಐವತ್ತೇಳು ಸುರಂಗ.

ಮೊನ್ನೆ ಗೆಳೆಯರು ಫೋನ್ ಮಾಡಿದ್ದರು. ಮಗಳನ್ನು ತಡೆಯಿರಿ ಎನ್ನಬಹುದು ಎಂದುಕೊಂಡೆ. ‘ಸುರಂಗ ಎಲ್ಲ ಕತ್ತಲೆ ತಾನೆ? ಅದಕ್ಕೆ ಕಪ್ಪು ಒಂದೇ ಸಾಕಲ್ಲವೇ? ಎಷ್ಟು ಪ್ಲೇಟು ಬೀಳಬಹುದು ಹೇಳಿ’ ಎಂದರು.